ಮೆಕ್ಕೆಜೋಳ ಬಿಟ್ಟು ಬ್ರಾಯ್ಲರ್‌ಗೆ ಬೇರೇನು ಹಾಕಬಹುದು? ಮೊದಲು ಲೆಕ್ಕ, ಆಮೇಲೆ ಚೀಲ

ಮೆಕ್ಕೆಜೋಳದ ದರ ಏರಿದಾಗಲೆಲ್ಲ ನನ್ನ ಫೋನಿಗೆ ಒಂದೇ ಪ್ರಶ್ನೆ ಬರುತ್ತದೆ. "ಅಣ್ಣಾ, ಗೋವಿನಜೋಳ ಬಿಟ್ಟು ಕೋಳಿಗೆ ಬೇರೆ ಏನ್ ಹಾಕಬಹುದ್ರಿ? ಒಂದು ಫಾರ್ಮುಲಾ ಕಳಸ್ರಿ." ಕೇಳುವವರು ಹೆಚ್ಚಾಗಿ ಹೊಸದಾಗಿ ಶೆಡ್ ಕಟ್ಟಿದ ಹುಡುಗರು. ಫಾರ್ಮುಲಾ ಕಳಿಸುವುದು ಒಂದು ನಿಮಿಷದ ಕೆಲಸ. ಆದರೆ ಅದನ್ನು ನಂಬಿ ಅವರು ಟನ್ನುಗಟ್ಟಲೆ ಕಾಳು ತಂದು ಹಾಕಿದರೆ, ನಾಳೆ ಮರಿ ಕುಸಿದಾಗ ಉತ್ತರ ಹೇಳಬೇಕಾದವನು ನಾನು. ಅದಕ್ಕೇ ಈ ವಾರ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕೊಪ್ಪಳ ಜಿಲ್ಲೆ, ಯಲಬುರ್ಗಾ ತಾಲೂಕು. 3,000 ಮರಿ ಹಿಡಿಯುವ ಒಂದು ಶೆಡ್ ಇದೆ. ಎಂಟು ವರ್ಷದಿಂದ ಫೀಡ್ ನಾನೇ ಅರೆದು ಕಲಸುತ್ತೇನೆ. ಒಂದು ಲೆಕ್ಕದಲ್ಲಿ ನಾನು ಅದೃಷ್ಟವಂತ. ಸುತ್ತಮುತ್ತ ಮೆಕ್ಕೆಜೋಳ, ಸಜ್ಜೆ, ಜೋಳ ಮೂರೂ ಬೆಳೆಯುತ್ತವೆ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ನುಚ್ಚು, ತೌಡು ಕೂಡ ದೂರವಿಲ್ಲ. ಇಷ್ಟೆಲ್ಲ ಕೈಗೆಟಕುವುದರಿಂದಲೇ ಒಮ್ಮೆ ದೊಡ್ಡ ಪೆಟ್ಟೂ ತಿಂದಿದ್ದೇನೆ. ಅದನ್ನೂ ಹೇಳುತ್ತೇನೆ.

ಮೊದಲಿಗೇ ಒಂದು ಮಾತು. ನೀವು ಕಂಪನಿಯ ಮರಿ, ಕಂಪನಿಯ ಫೀಡ್ ತಗೊಂಡು ಕಿಲೋಕ್ಕೆ ಇಷ್ಟು ಅಂತ ಸಾಕಣೆ ಕೂಲಿ ಪಡೆಯುವವರಾದರೆ, ಆ ಫೀಡಿಗೆ ಏನನ್ನೂ ಬೆರೆಸಬೇಡಿ. ಕರಾರು ಮುರಿದಂತಾಗುತ್ತದೆ, ಮರಿಗೆ ಏನಾದರೂ ಆದರೆ ಹೊಣೆ ಪೂರ್ತಿ ನಿಮ್ಮ ತಲೆ ಮೇಲೆ. ಈ ಲೇಖನ ಸ್ವಂತ ಮರಿ ಹಾಕಿ, ಸ್ವಂತ ಫೀಡ್ ಮಾಡಿಕೊಳ್ಳುವವರಿಗೆ.

ನಾನು ಉಳಿಸಿದ್ದು 18 ಸಾವಿರ, ಕಳೆದದ್ದು ಒಂದು ಲಕ್ಷ

ನಾಲ್ಕು ವರ್ಷದ ಹಿಂದಿನ ಮಾತು. ಮುಂಗಾರು ಜೋಳ ತೆನೆಯಲ್ಲಿದ್ದಾಗ ಜಡಿಮಳೆ ಹಿಡಿಯಿತು. ಕಾಳು ಕಪ್ಪಡರಿತು. ರೊಟ್ಟಿಗೆ ಬರುವಂತಿರಲಿಲ್ಲ. ಪರಿಚಯದ ದಲಾಲಿಯೊಬ್ಬರು ಫೋನ್ ಮಾಡಿದರು. "ತಮ್ಮಾ, ಜೋಳ ಐತಿ, ಸ್ವಲ್ಪ ಕಪ್ಪಗ ಆಗೇತಿ ಅಷ್ಟ. ಕೋಳಿಗೇನು, ಕಣ್ಣು ಮುಚ್ಚಿ ತಿಂತಾವ. ಹದಿನಾರು ರೂಪಾಯಿಗೆ ಹಾಕ್ತೀನಿ." ಆಗ ಮೆಕ್ಕೆಜೋಳ ನಮ್ಮ ಬಾಗಿಲಿಗೆ 22 ರೂಪಾಯಿ ಬೀಳುತ್ತಿತ್ತು. ಕಿಲೋಕ್ಕೆ 6 ರೂಪಾಯಿ ಉಳಿತಾಯ! ಮೂರು ಟನ್ ಇಳಿಸಿಕೊಂಡೆ. ಅಪ್ಪ ಒಂದು ಹಿಡಿ ತಗೊಂಡು ಮೂಸಿ ನೋಡಿ, "ಇದು ಮುಗ್ಗಲು ಹಿಡದೈತಿ" ಅಂದರು. ನಾನು ಕಿವಿಗೊಡಲಿಲ್ಲ. ದರದ ಅಮಲು ಅಂಥದ್ದು.

ಮೊದಲ ವಾರ ಮರಿಗೆ ಪೂರ್ತಿ ಮೆಕ್ಕೆಜೋಳದ ಫೀಡ್ ಕೊಟ್ಟೆ. ಆಮೇಲೆ ಅರ್ಧ ಮೆಕ್ಕೆಜೋಳ ತೆಗೆದು ಆ ಜೋಳ ಹಾಕಿದೆ. ಮೂರನೇ ವಾರದ ಹೊತ್ತಿಗೆ ಶೆಡ್ಡಿನಲ್ಲಿ ಒಂದು ಮರಿ ಇದ್ದಂತೆ ಇನ್ನೊಂದು ಇರಲಿಲ್ಲ. ಜುಟ್ಟು ಬಿಳಚಿಕೊಂಡಿತು. ದಿನಕ್ಕೆ ಎಂಟು, ಹತ್ತು ಸಾಯತೊಡಗಿದವು. ಪಶುವೈದ್ಯರು ಬಂದು ಸತ್ತ ಮರಿಯನ್ನು ಕೊಯ್ದು ತೋರಿಸಿದರು: ಲಿವರ್ ಕೆಂಪಗಿರುವ ಬದಲು ಹಳದಿ ತಿರುಗಿತ್ತು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ತೊಡೆಯ ಮಾಂಸದಲ್ಲಿ ರಕ್ತ ಹೆಪ್ಪುಗಟ್ಟಿದ ಕಲೆಗಳು. ಫೀಡನ್ನು ಪ್ರಯೋಗಾಲಯಕ್ಕೆ ಕಳಿಸಿದೆವು. ಬೂಷ್ಟಿನ ವಿಷ, ಅಂದರೆ ಅಫ್ಲಾಟಾಕ್ಸಿನ್, ಮಿತಿ ಮೀರಿ ಇತ್ತು.

ನಲವತ್ತನೇ ದಿನಕ್ಕೆ 2.2 ಕಿಲೋ ಬರಬೇಕಾದ ಕೋಳಿ 1.8 ಕಿಲೋಕ್ಕೆ ನಿಂತಿತು. ಮಾರಿದ್ದು 2,800 ಕೋಳಿ. ಪ್ರತಿ ಕೋಳಿಗೆ 400 ಗ್ರಾಂ ಖೋತಾ ಅಂದರೆ 1,120 ಕಿಲೋ ಮಾಂಸ. ಆಗಿನ 95 ರೂಪಾಯಿ ದರದಲ್ಲಿ 1,06,400 ರೂಪಾಯಿ. ಜೋಳದಲ್ಲಿ ಉಳಿಸಿದ್ದು ಮೂರು ಟನ್‌ಗೆ 18,000 ರೂಪಾಯಿ. ತಿಂದ ಫೀಡೇನೂ ಕಮ್ಮಿಯಾಗಿರಲಿಲ್ಲ, ತಿಂದದ್ದು ಮೈಗೆ ಹತ್ತಲಿಲ್ಲ ಅಷ್ಟೇ.

ಇಲ್ಲಿ ತಪ್ಪು ಜೋಳದ್ದಲ್ಲ. ಒಳ್ಳೆಯ ಜೋಳ ಕೋಳಿಗೆ ಒಳ್ಳೆಯ ಆಹಾರವೇ. ನಾನು ಎರಡು ಪ್ರಶ್ನೆ ಕೇಳಿಕೊಳ್ಳದೆ ಚೀಲ ಇಳಿಸಿಕೊಂಡಿದ್ದೆ: ಇದರಲ್ಲಿ ಶಕ್ತಿ ಎಷ್ಟು, ಇದರಲ್ಲಿ ವಿಷ ಇದೆಯಾ?

ಕ್ವಿಂಟಲ್ ದರ ನೋಡಬೇಡಿ, ಶಕ್ತಿಯ ದರ ನೋಡಿ

ಬ್ರಾಯ್ಲರ್ ಸಾಕಣೆಯ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಫೀಡಿಗೇ ಹೋಗುತ್ತದೆ. ಆ ಫೀಡಿನ 100 ಕಿಲೋದಲ್ಲಿ 55ರಿಂದ 60 ಕಿಲೋ ಮೆಕ್ಕೆಜೋಳ. ಅದನ್ನು ಯಾಕೆ ಹಾಕುತ್ತೇವೆ? ಪ್ರೋಟೀನಿಗಲ್ಲ, ಅದರಲ್ಲಿ ಪ್ರೋಟೀನ್ 9ರ ಸುತ್ತಮುತ್ತ ಮಾತ್ರ. ಹಾಕುವುದು ಶಕ್ತಿಗೆ. ಒಂದು ಕಿಲೋ ಒಣ ಮೆಕ್ಕೆಜೋಳದಿಂದ ಕೋಳಿಯ ಮೈಗೆ ದಕ್ಕುವ ಶಕ್ತಿ ಸುಮಾರು 3,300 ಕಿಲೋಕ್ಯಾಲರಿ. ಹಾಗಾಗಿ ಮೆಕ್ಕೆಜೋಳಕ್ಕೆ ಬದಲಿ ಹುಡುಕುವುದೆಂದರೆ ಈ 3,300ಕ್ಕೆ ಬದಲಿ ಹುಡುಕುವುದು.

ಶಕ್ತಿ ಕಮ್ಮಿ ಇರುವ ಫೀಡ್ ಕೊಟ್ಟರೆ ಕೋಳಿ ಹೆಚ್ಚು ತಿಂದು ಸರಿದೂಗಿಸಲು ನೋಡುತ್ತದೆ. ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ ಕೂಡ. ಆದರೆ ಚೀಲಗಳು ಬೇಗ ಖಾಲಿಯಾಗುತ್ತವೆ, ಒಂದು ಕಿಲೋ ತೂಕಕ್ಕೆ 1.65 ಕಿಲೋ ಫೀಡ್ ಸಾಕಾಗುತ್ತಿದ್ದದ್ದು 1.8, 1.9 ಆಗುತ್ತದೆ. ಹೊಟ್ಟೆ ತುಂಬಿದ ಮೇಲೆ ಇನ್ನೂ ತಿನ್ನಲು ಜಾಗವಿಲ್ಲದಿದ್ದರೆ ತೂಕವೂ ಬರುವುದಿಲ್ಲ.

ಈಗ ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ. ಕಾಳಿನ ದರವನ್ನು, ಅಂದರೆ ಸಾಗಾಣಿಕೆ, ಹಮಾಲಿ ಸೇರಿ ಶೆಡ್ಡಿನ ಬಾಗಿಲಿಗೆ ಬಿದ್ದ ದರವನ್ನು, ಅದರ ಶಕ್ತಿಯಿಂದ ಭಾಗಿಸಿ 1,000ದಿಂದ ಗುಣಿಸಿ. ಸಾವಿರ ಕಿಲೋಕ್ಯಾಲರಿಗೆ ಎಷ್ಟು ರೂಪಾಯಿ ಅಂತ ಬರುತ್ತದೆ. ಕೆಳಗಿನ ದರಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನ ದರ ಹಾಕಿಕೊಳ್ಳಿ.

ಮೆಕ್ಕೆಜೋಳ: ದರ 24, ಶಕ್ತಿ 3,300. ಸಾವಿರಕ್ಕೆ 7.27 ರೂಪಾಯಿ.
ಬಿಳಿ ಜೋಳ: ದರ 22, ಶಕ್ತಿ 3,200. ಸಾವಿರಕ್ಕೆ 6.88 ರೂಪಾಯಿ.
ಸಜ್ಜೆ: ದರ 22, ಶಕ್ತಿ 3,000. ಸಾವಿರಕ್ಕೆ 7.33 ರೂಪಾಯಿ.
ನುಚ್ಚಕ್ಕಿ: ದರ 25, ಶಕ್ತಿ 3,000. ಸಾವಿರಕ್ಕೆ 8.33 ರೂಪಾಯಿ.
ಎಣ್ಣೆ ತೆಗೆದ ತೌಡು: ದರ 15, ಶಕ್ತಿ ಸುಮಾರು 1,900. ಸಾವಿರಕ್ಕೆ 7.89 ರೂಪಾಯಿ.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. 15 ರೂಪಾಯಿಯ ತೌಡು 24 ರೂಪಾಯಿಯ ಮೆಕ್ಕೆಜೋಳಕ್ಕಿಂತ ದುಬಾರಿ! "ಅಗ್ಗದ ಫೀಡ್" ಅಂತ ತೌಡು ತುಂಬಿ ಬ್ರಾಯ್ಲರ್ ಸಾಕಿದವರು ಕೈ ಸುಟ್ಟುಕೊಳ್ಳುವುದು ಇಲ್ಲೇ. ಅದರಲ್ಲಿರುವ ನಾರನ್ನು ಎಮ್ಮೆ ಕರಗಿಸೀತು, ಆರು ವಾರದ ಬ್ರಾಯ್ಲರ್ ಕರಗಿಸಲಾರದು.

ಸಜ್ಜೆಯ ಶಕ್ತಿಯ ಬಗ್ಗೆ ಒಂದು ಸೂಚನೆ. ಹಳೆಯ ಪಟ್ಟಿಗಳಲ್ಲಿ 2,650ರ ಸುತ್ತ ಇದೆ, ಇತ್ತೀಚಿನ ಪ್ರಯೋಗಗಳಲ್ಲಿ 3,000 ದಾಟಿದ್ದೂ ಇದೆ. ತಳಿ, ಕಾಳಿನ ಗಾತ್ರದ ಮೇಲೆ ಬದಲಾಗುತ್ತದೆ. ನಾನು 3,000 ಹಿಡಿಯುತ್ತೇನೆ.

ಎರಡನೇ ಲೆಕ್ಕ: ಎಣ್ಣೆ

ಮೇಲಿನ ಲೆಕ್ಕ ಒಂದು ಜರಡಿ ಇದ್ದಂತೆ. ಯಾವುದು ಬೇಡ ಅನ್ನುವುದನ್ನು ಬೇಗ ತೋರಿಸುತ್ತದೆ. ಯಾವುದು ಬೇಕು ಅನ್ನಲು ಇನ್ನೊಂದು ಹೆಜ್ಜೆ ಇಡಬೇಕು, ಯಾಕೆಂದರೆ ಕಮ್ಮಿ ಬಿದ್ದ ಶಕ್ತಿಯನ್ನು ನಾವು ತುಂಬುವುದು ಎಣ್ಣೆಯಿಂದ, ಎಣ್ಣೆಯ ಶಕ್ತಿ ಎಲ್ಲಕ್ಕಿಂತ ದುಬಾರಿ.

ನನ್ನ ಕೊನೆಯ ಹಂತದ ಫೀಡ್, ಅಂದರೆ 22ನೇ ದಿನದಿಂದ ಮಾರುವವರೆಗಿನದು, 100 ಕಿಲೋಕ್ಕೆ ಹೀಗಿರುತ್ತದೆ: ಮೆಕ್ಕೆಜೋಳ 60, ಸೋಯಾ ಹಿಂಡಿ 31, ಎಣ್ಣೆ 5, ಉಳಿದ 4 ಕಿಲೋದಲ್ಲಿ ಡಿಸಿಪಿ, ಸುಣ್ಣದ ಕಲ್ಲಿನ ಪುಡಿ, ಉಪ್ಪು, ಮಿಥಿಯೋನಿನ್, ಲೈಸಿನ್, ವಿಟಮಿನ್-ಖನಿಜ ಮಿಶ್ರಣ, ಔಷಧಿಗಳು. ಶಕ್ತಿ 3,100 ಚಿಲ್ಲರೆ ಬರುತ್ತದೆ. ಭಾರತೀಯ ಮಾನಕ ಬ್ಯೂರೋದ 2007ರ ಮಾನದಂಡ ಈ ಹಂತಕ್ಕೆ 3,200 ಶಕ್ತಿ, 20 ಪ್ರೋಟೀನ್ ಹೇಳುತ್ತದೆ. ನಾನು ಎಣ್ಣೆಯ ದರ ನೋಡಿ ಸ್ವಲ್ಪ ಕೆಳಗೇ ನಿಲ್ಲಿಸುತ್ತೇನೆ.

ಇದರಲ್ಲಿ ಅರ್ಧ ಮೆಕ್ಕೆಜೋಳ, ಅಂದರೆ 30 ಕಿಲೋ ತೆಗೆದು ಸಜ್ಜೆ ಹಾಕಿದೆ ಅನ್ನಿ. ಪ್ರತಿ ಕಿಲೋಕ್ಕೆ 300 ಕ್ಯಾಲರಿಯಂತೆ ಒಟ್ಟು 9,000 ಖೋತಾ. ಇತ್ತ ಸಜ್ಜೆಯಲ್ಲಿ ಪ್ರೋಟೀನ್ 11ರ ಸುತ್ತ ಇರುವುದರಿಂದ ಸೋಯಾ ಹಿಂಡಿ ಒಂದು ಕಿಲೋ ಇಳಿಸಬಹುದು. ಆ ಸೋಯಾದಲ್ಲಿದ್ದ ಶಕ್ತಿಯೂ ಹೋಗುತ್ತದಲ್ಲ, ಅದನ್ನೂ ಸೇರಿಸಿದರೆ ಒಂದೂಕಾಲು ಕಿಲೋ ಎಣ್ಣೆ ಹೆಚ್ಚಿಗೆ ಬೇಕು. ಎಣ್ಣೆ ಕಿಲೋಕ್ಕೆ 120 ಅಂದರೆ 150 ರೂಪಾಯಿ ಖರ್ಚು. ಸೋಯಾ 45 ಅಂದರೆ 45 ರೂಪಾಯಿ ಉಳಿತಾಯ. ನಿವ್ವಳ 105 ರೂಪಾಯಿ ಭಾರ. 30 ಕಿಲೋ ಮೆಕ್ಕೆಜೋಳದ ಬೆಲೆ 720 ರೂಪಾಯಿ. 105 ಕಳೆದರೆ 615. ಅಂದರೆ ಸಜ್ಜೆ ಕಿಲೋಕ್ಕೆ 20 ರೂಪಾಯಿ 50 ಪೈಸೆಯ ಆಸುಪಾಸಿಗೆ ಸಿಕ್ಕರೆ ಸಮಸಮ, ಅದಕ್ಕಿಂತ ಕಮ್ಮಿಗೆ ಸಿಕ್ಕರೆ ಲಾಭ. 22ಕ್ಕೆ ಕೊಂಡರೆ ನಷ್ಟ!

ಬಿಳಿ ಜೋಳಕ್ಕೆ ಇದೇ ಲೆಕ್ಕ ಹಾಕಿದರೆ 30 ಕಿಲೋಕ್ಕೆ ಖೋತಾ 3,000 ಮಾತ್ರ. ಮೂರನೇ ಒಂದು ಕಿಲೋ ಎಣ್ಣೆ ಸಾಕು. ಸಮಸಮದ ದರ 22 ರೂಪಾಯಿ 67 ಪೈಸೆಯ ಹತ್ತಿರ. ಈ ಎರಡು ಅಂಕಿಗಳನ್ನು ನಾನು ಪ್ರತಿ ಬ್ಯಾಚಿಗೆ ಮೊದಲು ಹೊಸ ದರ ಹಾಕಿ ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ದಲಾಲಿ ಫೋನ್ ಮಾಡಿದಾಗ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ಅಲ್ಲೇ ಗೊತ್ತಾಗುತ್ತದೆ.

ಎಲ್ಲ ಕಾಲದಲ್ಲೂ ಬದಲಿ ಕಾಳು ಗಿಟ್ಟುವುದಿಲ್ಲ, ಇದನ್ನು ತಿಳಿದಿರಬೇಕು. 2025-26ರ ಮುಂಗಾರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ನೋಡಿ: ಮೆಕ್ಕೆಜೋಳ 2,400, ಸಜ್ಜೆ 2,775, ಹೈಬ್ರಿಡ್ ಜೋಳ 3,699, ರಾಗಿ 4,886. ಕಾಗದದ ಮೇಲೆ ಮೆಕ್ಕೆಜೋಳವೇ ಅಗ್ಗ. ಮಾರುಕಟ್ಟೆ ಮಾತ್ರ ಕಾಗದ ನೋಡಿ ನಡೆಯುವುದಿಲ್ಲ. ಎಥೆನಾಲ್ ಕಾರ್ಖಾನೆಗಳು ಖರೀದಿಗಿಳಿದ ಮೇಲೆ 2024ರಲ್ಲಿ ಮೆಕ್ಕೆಜೋಳ ಏರಿತು. 2025ರ ಕೊನೆಗೆ ನಮ್ಮ ರಾಜ್ಯದಲ್ಲೇ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿದು, ಬೆಳೆದವರು ರಸ್ತೆಗಿಳಿದರು. ಹಾಗೆ ಕುಸಿದಾಗ ಸಜ್ಜೆ, ಜೋಳ ಅಂತ ಹುಡುಕಿಕೊಂಡು ಹೋಗುವುದು ಹುಚ್ಚುತನ. ಮೆಕ್ಕೆಜೋಳವನ್ನೇ ಒಣಗಿಸಿ ತುಂಬಿಡಬೇಕು.

ಸಜ್ಜೆ

ದರ ಹೊಂದಿದರೆ ನನ್ನ ಮೊದಲ ಆಯ್ಕೆ ಸಜ್ಜೆಯೇ. ಟ್ಯಾನಿನ್ ಕಾಟ ಇಲ್ಲ. ಕಾಳಿನಲ್ಲೇ ಎಣ್ಣೆಯಂಶ ಐದರ ಹತ್ತಿರ ಇದೆ. ಲೈಸಿನ್ ಕೂಡ ಮೆಕ್ಕೆಜೋಳಕ್ಕಿಂತ ಸ್ವಲ್ಪ ಮೇಲು. ಮೆಕ್ಕೆಜೋಳದ ಅರ್ಧದವರೆಗೆ ನಾನು ಹೆದರದೆ ಹಾಕುತ್ತೇನೆ.

ಮೂರು ಜಾಗದಲ್ಲಿ ಎಡವಬಹುದು. ಒಂದು, ಅರೆಯುವುದು. ಮೆಕ್ಕೆಜೋಳಕ್ಕೆ ಹಾಕುವ ದೊಡ್ಡ ತೂತಿನ ಜರಡಿಯಲ್ಲಿ ಸಜ್ಜೆ ಇಡೀ ಕಾಳಾಗಿಯೇ ಜಾರಿಬಿಡುತ್ತದೆ, ಎಳೆ ಮರಿಯ ಹಿಕ್ಕೆಯಲ್ಲಿ ಹಾಗೇ ಹೊರಬರುತ್ತದೆ. ಸಜ್ಜೆಗೆ ಬೇರೆ ಸಣ್ಣ ಜರಡಿ ಹಾಕಿ ಪ್ರತ್ಯೇಕವಾಗಿ ಅರೆಯಿರಿ. ಎರಡು, ಅರೆದ ಸಜ್ಜೆ ಬೇಗ ಕಹಿಯಾಗುತ್ತದೆ. ಮನೆಯಲ್ಲಿ ಸಜ್ಜೆ ರೊಟ್ಟಿ ತಟ್ಟುವವರನ್ನು ಕೇಳಿ, ಹಿಟ್ಟು ಎಷ್ಟು ದಿನ ಇಡುತ್ತಾರೆ ಅಂತ. ನಮ್ಮ ಅವ್ವ ವಾರದ ಮೇಲೆ ಇಡುವುದಿಲ್ಲ. ಕೋಳಿಗೂ ಅದೇ ಕಟ್ಟು: ವಾರಕ್ಕೆ ಬೇಕಾದಷ್ಟೇ ಅರೆಯುವುದು. ಮೂರು, ಹೂವಿನ ಹೊತ್ತಿಗೆ ಮಳೆ ಹಿಡಿದ ಬೆಳೆಯಲ್ಲಿ ಕಾಳಿನ ನಡುವೆ ಕಪ್ಪು-ಕಂದು ಬಣ್ಣದ ಗಟ್ಟಿ ತುಣುಕುಗಳು ಸಿಗುತ್ತವೆ. ಎರ್ಗಾಟ್ ಅಂತಾರೆ, ಅದೂ ವಿಷವೇ. ಹಿಡಿ ಕಾಳನ್ನು ಬಿಳಿ ತಟ್ಟೆಯಲ್ಲಿ ಹರಡಿದರೆ ಕಾಣುತ್ತದೆ. ಕಂಡರೆ ಆ ಲಾಟು ಬೇಡ.

ಇನ್ನೊಂದು ಸಂಗತಿಯನ್ನು ಯಾರೂ ಮೊದಲೇ ಹೇಳಿರಲಿಲ್ಲ. ಮೆಕ್ಕೆಜೋಳದ ಹಳದಿ ಬಣ್ಣವೇ ಕೋಳಿಯ ಕಾಲಿಗೆ, ಚರ್ಮಕ್ಕೆ ಬರುವುದು. ಸಜ್ಜೆ, ಬಿಳಿ ಜೋಳ, ನುಚ್ಚಕ್ಕಿಯಲ್ಲಿ ಆ ಬಣ್ಣ ಹೆಚ್ಚುಕಮ್ಮಿ ಇಲ್ಲ. ಒಮ್ಮೆ ಮುಕ್ಕಾಲು ಪಾಲು ಸಜ್ಜೆ ಹಾಕಿದ್ದೆ. ಕೋಳಿ ಒಯ್ಯಲು ಬಂದ ವ್ಯಾಪಾರಿ ಪಂಜರಕ್ಕೆ ತುಂಬುವಾಗ ನಿಲ್ಲಿಸಿದ. "ಕಾಲು ಬೆಳ್ಳಗ ಅದಾವಲ್ರಿ, ಜಡ್ಡೇನು?" ಜಡ್ಡಲ್ಲ, ತೂಕ ಸರಿಯಾಗಿದೆ ಅಂತ ತೂಗಿ ತೋರಿಸಿದರೂ ಕಿಲೋಕ್ಕೆ 2 ರೂಪಾಯಿ ಮುರಿದೇ ಒಯ್ದ. ಅಂದಿನಿಂದ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ ತೆಗೆಯುವುದಿಲ್ಲ.

ಜೋಳ

ಜೋಳಕ್ಕೆ ಎರಡು ಪರೀಕ್ಷೆ: ಟ್ಯಾನಿನ್, ಬೂಷ್ಟು. ಟ್ಯಾನಿನ್ ಅಂದರೆ ಕಾಳಿನ ಒಗರು. ಪ್ರೋಟೀನನ್ನು ಹಿಡಿದಿಟ್ಟುಕೊಂಡು ಜೀರ್ಣವಾಗಲು ಬಿಡುವುದಿಲ್ಲ. ಹೆಚ್ಚಾದರೆ ಕಾಲೂ ಸೊಟ್ಟಗಾಗುತ್ತದೆ. ನಮ್ಮ ಕಡೆಯ ಬಿಳಿ ಜೋಳದಲ್ಲಿ ಇದರ ಚಿಂತೆ ಇಲ್ಲವೇ ಇಲ್ಲ ಅನ್ನಬಹುದು. ಹಕ್ಕಿ ತಿನ್ನದ ಕಂದು ಜೋಳದ ತಳಿಗಳಲ್ಲಿ ಮಾತ್ರ ನೋಡಬೇಕು. ಹೊರಗಿನ ಬಣ್ಣ ನೋಡಿ ನಿರ್ಧರಿಸಬೇಡಿ, ಕೆಂಪು ಜೋಳದಲ್ಲೆಲ್ಲ ಟ್ಯಾನಿನ್ ಇರುವುದಿಲ್ಲ. ಬ್ಲೇಡಿನಿಂದ ಮೇಲಿನ ಸಿಪ್ಪೆ ಕೆರೆದು ನೋಡಿ. ಸಿಪ್ಪೆಯ ಕೆಳಗೆ ಇನ್ನೊಂದು ಕಂದು ಪದರ ಕಂಡರೆ ಟ್ಯಾನಿನ್ ಇದೆ. ಖಾತ್ರಿ ಬೇಕಿದ್ದರೆ ಬ್ಲೀಚ್ ಪರೀಕ್ಷೆ: 100 ಮಿಲಿ ಬಟ್ಟೆ ಬ್ಲೀಚ್ ದ್ರಾವಣಕ್ಕೆ 5 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ, ನೂರು ಕಾಳು ಮುಳುಗಿಸಿ, 20 ನಿಮಿಷ ಬಿಟ್ಟು ನೀರಲ್ಲಿ ತೊಳೆಯಿರಿ. ಟ್ಯಾನಿನ್ ಇರುವ ಕಾಳು ಇಡೀ ಕಪ್ಪಾಗುತ್ತದೆ, ಇಲ್ಲದ್ದು ಬಿಳಿಯಾಗಿ ಉಳಿಯುತ್ತದೆ. ಕೈಗವಸು ಹಾಕಿಕೊಳ್ಳಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಆ ಕಾಳನ್ನು ಹೂತುಬಿಡಿ.

ಹಿಂಗಾರಿನ ಮಾಲ್ದಂಡಿ ಜೋಳ ಅಪ್ಪಟ ಒಳ್ಳೆಯದು, ಆದರೆ ಅದರ ದರ ಮನುಷ್ಯರಿಗೇ ದುಬಾರಿ. ಕೋಳಿಗೆ ಸಿಗುವುದು ಮುಂಗಾರಿನ ಹೈಬ್ರಿಡ್ ಜೋಳ. ಅಗ್ಗವಾಗಲು ಕಾರಣವೇ ಮಳೆಗೆ ಸಿಕ್ಕು ಬೂಷ್ಟು ಹಿಡಿದಿರುವುದು. ಹಾಗಾಗಿ ದರ ಎಷ್ಟು ಕಮ್ಮಿಯೋ ಅಷ್ಟು ಅನುಮಾನ ಪಡಬೇಕು. ಜೋಳದಲ್ಲಿ ಲೈಸಿನ್ ಕಮ್ಮಿ, ಹಾಕುವಾಗ ಲೈಸಿನ್ ಸ್ವಲ್ಪ ಏರಿಸಿಕೊಳ್ಳಬೇಕು.

ನುಚ್ಚು, ತೌಡು

ನುಚ್ಚಕ್ಕಿಯಲ್ಲಿ ನಾರಿಲ್ಲ, ಸುಲಭವಾಗಿ ಜೀರ್ಣವಾಗುತ್ತದೆ. ಮೊದಲ ಹತ್ತು ದಿನದ ಮರಿಗೆ ಇದಕ್ಕಿಂತ ಹಗುರ ಕಾಳು ಇನ್ನೊಂದಿಲ್ಲ. ದರ ಕೂಡಿಬಂದರೆ 15-20 ಕಿಲೋ ಹಾಕಿ. ಕೊಳ್ಳುವಾಗ ಮಾತ್ರ ಗಿರಣಿಯ ಬಿಲ್ ಕೇಳಿ. ಪಡಿತರ ಅಕ್ಕಿಯನ್ನು ಕೋಳಿ ಫಾರ್ಮಿಗೆ ಸಾಗಿಸುವ ಜಾಲ ಎಲ್ಲ ಕಡೆ ಇದೆ. ಅದನ್ನು ಕೊಂಡರೆ ಅಗತ್ಯ ವಸ್ತುಗಳ ಕಾಯ್ದೆಯಡಿ ಕೇಸು ನಿಮ್ಮ ಮೇಲೂ ಬೀಳುತ್ತದೆ. ಬಡವರ ಪಾಲಿನ ಅಕ್ಕಿ ಅನ್ನುವುದು ಬೇರೆ ಮಾತು.

ಎಣ್ಣೆ ತೆಗೆಯದ ಹಸಿ ತೌಡಿನಲ್ಲಿ ಶಕ್ತಿ ಚೆನ್ನಾಗಿದೆ, ಪ್ರೋಟೀನೂ ಇದೆ. ಆದರೆ ಗಿರಣಿಯಿಂದ ಬಿದ್ದ ಗಳಿಗೆಯಿಂದಲೇ ಅದರ ಎಣ್ಣೆ ಕೆಡಲು ಶುರು. ಮೂರು-ನಾಲ್ಕು ದಿನದೊಳಗೆ ತಿನ್ನಿಸಿ ಮುಗಿಸುವ ಹಾಗಿದ್ದರೆ, ಅದೂ 22 ದಿನ ದಾಟಿದ ಕೋಳಿಗೆ, 5 ಕಿಲೋವರೆಗೆ ಹಾಕಬಹುದು. ಸಾಬೂನಿನಂಥ ವಾಸನೆ ಬಂದಿತೋ, ಎಮ್ಮೆಗೂ ಬೇಡ.

ಹೆಸರು ದೊಡ್ಡದು, ಕೆಲಸ ಬೇರೆ

ಡಿಡಿಜಿಎಸ್ ಬಗ್ಗೆ ಈಗ ಬಹಳ ಕೇಳುತ್ತಾರೆ. ಎಥೆನಾಲ್ ತೆಗೆದ ಮೇಲೆ ಉಳಿಯುವ ಒಣ ಚರಟ ಅದು. ಕಾಳಿನ ಪಿಷ್ಟವೆಲ್ಲ ಎಥೆನಾಲಿಗೆ ಹೋಗಿರುತ್ತದೆ, ಉಳಿದದ್ದು ಪ್ರೋಟೀನ್, ನಾರು, ಎಣ್ಣೆ. ಹಾಗಾಗಿ ಅದು ಸೋಯಾಕ್ಕೆ ಬದಲಿ, ಮೆಕ್ಕೆಜೋಳಕ್ಕಲ್ಲ. ಪಿಷ್ಟ ಹೋಗಿರುವುದರಿಂದ ಮೂಲ ಕಾಳಿನಲ್ಲಿದ್ದ ಬೂಷ್ಟಿನ ವಿಷ ಸುಮಾರು ಮೂರು ಪಟ್ಟು ಸಾಂದ್ರವಾಗಿರುತ್ತದೆ. ಪರೀಕ್ಷೆಯ ವರದಿ ಇಲ್ಲದೆ ಒಂದು ಚೀಲವನ್ನೂ ತರಬೇಡಿ.

ಅಜೋಲ್ಲಾ ಹಾಕಿದರೆ ಫೀಡ್ ಖರ್ಚೇ ಇಲ್ಲ ಅನ್ನುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಹಸಿ ಅಜೋಲ್ಲಾದಲ್ಲಿ 93-94 ಪಾಲು ನೀರು. ಐದು ವಾರದ ಬ್ರಾಯ್ಲರ್ ದಿನಕ್ಕೆ 150 ಗ್ರಾಂ ಫೀಡ್ ತಿನ್ನುತ್ತದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಹತ್ತನೇ ಒಂದು ಪಾಲು, 15 ಗ್ರಾಂ ಒಣ ಪದಾರ್ಥ ಅಜೋಲ್ಲಾದಿಂದ ಬರಬೇಕೆಂದರೆ ಒಂದು ಕೋಳಿಗೆ 250 ಗ್ರಾಂ ಹಸಿ ಅಜೋಲ್ಲಾ ಬೇಕು. 3,000 ಕೋಳಿಗೆ ದಿನಕ್ಕೆ 750 ಕಿಲೋ! ಹಿತ್ತಲಿನ ನಾಟಿ ಕೋಳಿಗೆ ಸರಿ, ಬ್ರಾಯ್ಲರ್ ಶೆಡ್ಡಿಗೆ ಅಲ್ಲ.

ಸಿರಿಧಾನ್ಯಗಳ ಕತೆ ಬೇರೆ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತಲ್ಲ, ನವಣೆ, ಸಾಮೆ ಪೇಟೆಯ ಅಂಗಡಿಯ ಗಾಜಿನ ಹಿಂದೆ ಹೋಗಿ ಕೂತಿವೆ. ಕೋಳಿಗೆ ಎಟಕುವ ದರವಲ್ಲ, ಮೇಲಾಗಿ ಸಿಪ್ಪೆಯ ನಾರು ಹೆಚ್ಚು. ರಾಗಿಯ ಬೆಂಬಲ ಬೆಲೆಯೇ ಮೆಕ್ಕೆಜೋಳದ ಎರಡು ಪಟ್ಟು. ಬೆಂಗಳೂರಿನ ಸುತ್ತ ಇರುವವರು ಬಿಸ್ಕತ್ತು, ಬೇಕರಿ ಚೂರು ತರುತ್ತಾರೆ. ಶಕ್ತಿ ಇದೆ, ಆದರೆ ಉಪ್ಪು ಎಷ್ಟಿದೆ ಅಂತ ನೋಡಿ ಫೀಡಿನ ಉಪ್ಪು ಇಳಿಸದಿದ್ದರೆ ಕೋಳಿ ನೀರು ಕುಡಿದು ಕುಡಿದು ಲಿಟ್ಟರ್ ಕೆಸರಾಗುತ್ತದೆ.

ಚೀಲ ಇಳಿಸುವ ಮೊದಲು

ಗಾಡಿ ಬಂದಾಗ ಮೇಲಿನ ಚೀಲ ಮಾತ್ರ ನೋಡಬೇಡಿ. ಸೂಜಿ ಹಾಕಿ ಹತ್ತು-ಹನ್ನೆರಡು ಚೀಲದಿಂದ, ನಡುವಿನ ಸಾಲಿನಿಂದಲೂ, ಮಾದರಿ ತೆಗೆದು ಕಲಸಿ. ಮೂಸಿ. ಮುಗ್ಗಲು ಬಂದರೆ ಗಾಡಿ ವಾಪಸ್, ಮುಲಾಜು ಬೇಡ. ನಮ್ಮಪ್ಪನ ಮೂಗು ಸಾವಿರ ರೂಪಾಯಿಯ ಯಂತ್ರಕ್ಕಿಂತ ಚುರುಕಿತ್ತು, ನಾನು ಕೇಳಲಿಲ್ಲ ಅಷ್ಟೇ.

ತೇವಕ್ಕೆ ಎಪಿಎಂಸಿಯ ಮೀಟರ್ ಸಿಗದಿದ್ದರೆ ಉಪ್ಪಿನ ಪರೀಕ್ಷೆ ಮಾಡಿ. ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಕಾಳು, ಎರಡು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ, ಮುಚ್ಚಿ, ಒಂದೆರಡು ನಿಮಿಷ ಅಲುಗಿಸಿ, ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ 15 ದಾಟಿದೆ, ಆ ಕಾಳನ್ನು ಇಟ್ಟರೆ ಬೂಷ್ಟು ಬರುವುದು ಖಂಡಿತ. ಉಪ್ಪು ತಳಕ್ಕೆ ಉದುರಿದರೆ ಪರವಾಗಿಲ್ಲ. ಮೊದಲೇ ವಿಷ ಸೇರಿದ್ದರೆ ಒಣಗಿಸಿದರೂ ಹುರಿದರೂ ಅದು ಹೋಗುವುದಿಲ್ಲ, ನೆನಪಿರಲಿ. ಟಾಕ್ಸಿನ್ ಬೈಂಡರ್ ಅಂತ ಮಾರುವ ಬೆಂಟೋನೈಟ್ ಮಣ್ಣು ಅಫ್ಲಾಟಾಕ್ಸಿನ್‌ಗೆ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ, ಬೇರೆ ಬೂಷ್ಟು ವಿಷಗಳಿಗೆ ಅಷ್ಟಾಗಿ ಮಾಡುವುದಿಲ್ಲ. ಕೆಟ್ಟ ಕಾಳಿಗೆ ಅದು ಪರವಾನಗಿ ಅಂದುಕೊಳ್ಳಬೇಡಿ. ಬ್ರಾಯ್ಲರ್ ಫೀಡಿನಲ್ಲಿ ಅಫ್ಲಾಟಾಕ್ಸಿನ್ ಬಿ1 ಮಿತಿ 20 ಪಿಪಿಬಿ. ಎರಡು ಟನ್ ಮೇಲೆ ಕೊಳ್ಳುವುದಾದರೆ ಪರೀಕ್ಷೆಯ ಖರ್ಚು ದೊಡ್ಡದಲ್ಲ. ಎಲ್ಲಿ ಮಾಡಿಸುವುದೆಂದು ನಿಮ್ಮ ಪಶುವೈದ್ಯರನ್ನೋ ಹತ್ತಿರದ ಪಶುವೈದ್ಯಕೀಯ ಕಾಲೇಜನ್ನೋ ಕೇಳಿ.

ಗುಲಾಬಿ, ಕೆಂಪು, ಹಸಿರು ಬಣ್ಣ ಲೇಪಿಸಿದ ಕಾಳು ಅಗ್ಗಕ್ಕೆ ಬಂದರೆ ಅದು ಉಳಿದುಹೋದ ಬಿತ್ತನೆ ಬೀಜ. ಅದರ ಮೇಲಿರುವುದು ಔಷಧಿ. ತೊಳೆದು ಹಾಕುತ್ತೇನೆ ಅಂದುಕೊಂಡೂ ಮುಟ್ಟಬೇಡಿ.

ಐವತ್ತು ಮರಿಯ ಪ್ರಯೋಗ

ಮೊದಲ ಎರಡು ವಾರ ಮರಿಯ ಮೇಲೆ ಯಾವ ಪ್ರಯೋಗವೂ ಬೇಡ. ಆಗ ಅದು ತಿನ್ನುವ ಫೀಡೇ ಕಮ್ಮಿ, ಉಳಿಯುವ ದುಡ್ಡೂ ಕಮ್ಮಿ, ಕೆಟ್ಟರೆ ಆಗುವ ನಷ್ಟ ಮಾತ್ರ ದೊಡ್ಡದು. 15ನೇ ದಿನದಿಂದ ಶುರು ಮಾಡಿ. ಒಂದೇ ದಿನ ಬದಲಾಯಿಸದೆ, ಹೊಸ ಫೀಡನ್ನು ಮೊದಲು ಕಾಲು ಭಾಗ, ಎರಡು ದಿನ ಬಿಟ್ಟು ಅರ್ಧ, ಮತ್ತೆ ಎರಡು ದಿನ ಬಿಟ್ಟು ಪೂರ್ತಿ ಕೊಡಿ.

ಪೂರ್ತಿ ಶೆಡ್ಡಿಗೆ ಹಾಕುವ ಮೊದಲು ಒಂದು ಮೂಲೆಯಲ್ಲಿ ಜಾಲರಿ ಕಟ್ಟಿ ಎರಡು ಕೋಣೆ ಮಾಡಿ. ಒಂದೊಂದರಲ್ಲಿ 50 ಮರಿ, ಒಂದೇ ದಿನದವು, ಸೇರಿಸುವಾಗ ತೂಕ ಸಮ ಇರಲಿ. ಒಂದಕ್ಕೆ ಮಾಮೂಲಿ ಫೀಡ್, ಇನ್ನೊಂದಕ್ಕೆ ಹೊಸದು. ಕೊಟ್ಟ ಫೀಡನ್ನು ದಿನಾ ತೂಗಿ ಬರೆಯಿರಿ, ವಾರಕ್ಕೊಮ್ಮೆ ಮರಿ ತೂಗಿ. ನಾನು ಇದಕ್ಕೆ ಫೋನಿನಲ್ಲೇ ಒಂದು ಶೀಟ್ ಮಾಡಿದ್ದೇನೆ, ತಂಗಿ ತುಂಬುತ್ತಾಳೆ. ನನಗಿಂತ ಅವಳ ಬರಹ ನಂಬಿಕಸ್ತ. ಕಳೆದ ಬಾರಿ ಅರ್ಧ ಸಜ್ಜೆಯ ಕೋಣೆ 40ನೇ ದಿನಕ್ಕೆ ಸರಾಸರಿ 2,190 ಗ್ರಾಂ ತೂಗಿತು, ಮೆಕ್ಕೆಜೋಳದ ಕೋಣೆ 2,210. ತಿಂದ ಫೀಡ್ ಕ್ರಮವಾಗಿ 3.68 ಮತ್ತು 3.64 ಕಿಲೋ. 20 ಗ್ರಾಂ ತೂಕ ಕಮ್ಮಿ, 40 ಗ್ರಾಂ ಫೀಡ್ ಹೆಚ್ಚು. ಇವೆರಡಕ್ಕೂ ದರ ಕಟ್ಟಿದರೆ ಕೋಳಿಗೆ ಮೂರು-ಮೂರೂವರೆ ರೂಪಾಯಿ. ಸಜ್ಜೆಯಿಂದ ಕೋಳಿಗೆ ಅದಕ್ಕಿಂತ ಹೆಚ್ಚು ಉಳಿದರೆ ಮಾತ್ರ ಮುಂದಿನ ಬ್ಯಾಚಿಗೆ ಸಜ್ಜೆ, ಇಲ್ಲದಿದ್ದರೆ ಇಲ್ಲ.

ಪ್ರತಿ ಲೋಡಿನಿಂದ ಒಂದು ಕಿಲೋ ಕಾಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ತಾರೀಕು, ಗಾಡಿ ನಂಬರ್, ಮಾರಿದವರ ಹೆಸರು ಬರೆದು, ಆ ಬ್ಯಾಚ್ ಮಾರಿ ಮುಗಿಯುವವರೆಗೆ ಒಣ ಜಾಗದಲ್ಲಿ ತೂಗುಹಾಕಿ. ಆ ವರ್ಷ ನನ್ನ ಹತ್ತಿರ ಹಾಗೊಂದು ಚೀಲ ಇದ್ದಿದ್ದರೆ ದಲಾಲಿಯ ಮುಂದೆ ಕೂತು ಮಾತಾಡಲು ಬಾಯಿ ಇರುತ್ತಿತ್ತು. ಕಾಳೆಲ್ಲ ಅರೆದು ಕಲಸಿಯಾಗಿತ್ತು, "ನನ್ನ ಜೋಳ ಅಂತ ಹೆಂಗ ಹೇಳ್ತಿ ತಮ್ಮಾ?" ಅಂದುಬಿಟ್ಟರು.